ಮೂರು ಗೋಡೌನಿಗೆ ಒಂದು ಆ್ಯಪ್

ಬನ್ನಿ, ಕೂತುಕೊಳ್ಳಿ. ಬಾಗಿಲ ಹತ್ತಿರ ಬೇಡ, ಹೈವೇಯ ಲಾರಿ ಸದ್ದಿಗೆ ನನ್ನ ಮಾತು ಕೇಳುವುದಿಲ್ಲ. ಒಳಗೆ ಬನ್ನಿ. ಚಾ ಆಮೇಲೆ ಕೊಡ್ತೇನೆ, ಮೊದಲು ಕೇಳಿ. ಮದುವೆಗೆ ಕುರ್ಚಿ, ಪಾತ್ರೆ ಕಳಿಸುವ ಕಡೆ ಕೆಲಸಕ್ಕೆ ಇದ್ದವರಿಗೆ ವಾರಕ್ಕೊಂದು ಎಂತಾದರೂ ಆಗದೆ ಇರುವುದಿಲ್ಲ. ಆಗುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ. ನಗುವುದೆಲ್ಲ ಆಮೇಲೆ, ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಹೇಳ್ತಾ ಹೋಗ್ತೇನೆ, ಮೊಮ್ಮಗಳು ಬರೀತಾಳೆ. ಫರಂಗಿಪೇಟೆಯ ಗೋಡೌನಿನಲ್ಲಿ ಪಾತ್ರೆ ತೊಳೆಯುವ ಹೆಂಗಸರಿಗೆಲ್ಲ ನಾನು ಮೇಸ್ತ್ರಿ. ಚಾ ಮಾಡುವುದೂ ನಾನೇ. ಧಣಿಗಳು ಒಬ್ಬರು ಹಾಜಿಯವರು. ಮದುವೆಯಿರಲಿ, ಉರೂಸ್ ಇರಲಿ, ನೇಮ ಇರಲಿ, ಬಸದಿಯ ಪೂಜೆ ಇರಲಿ, ಶಾಮಿಯಾನ, ಕುರ್ಚಿ, ಅಡುಗೆಯ ಪಾತ್ರೆ ಎಲ್ಲ ನಮ್ಮಲ್ಲಿಂದ ಬಾಡಿಗೆಗೆ ಹೋಗುತ್ತದೆ. ದೊಡ್ಡ ಗೋಡೌನು, ಆಫೀಸು ಫರಂಗಿಪೇಟೆಯಲ್ಲಿ. ಬೆಳ್ತಂಗಡಿಯಲ್ಲೊಂದು, ಮೂಡುಬಿದಿರೆಯಲ್ಲೊಂದು ಬ್ರಾಂಚು. ಎಲ್ಲ ಸೇರಿ ನಲವತ್ತು ಜನ.

೧. "ಮಾಡುವ, ಮಾಡುವ"

ಹಾಜಿಯವರಿಗೆ ವಯಸ್ಸಾಯಿತು, ಈಗ ದುಬೈಯಲ್ಲಿ ಮಗನ ಜೊತೆ ಇದ್ದಾರೆ. ಅಲ್ಲಿನ ಅವರ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ಹುಡುಗ ಇದ್ದ, ನಮ್ಮ ಫರಂಗಿಪೇಟೆಯವನೇ. ನಾನು ಅವನಿಗೆ ಐಟಿ ಮಗ ಅನ್ನುತ್ತೇನೆ. ಎಂಟು ವರ್ಷ ಅಲ್ಲಿ, ಹೆಂಡತಿ ಇಲ್ಲಿ. ಮದುವೆಯಾಗಿ ಏಳು ವರ್ಷಕ್ಕೆ ಅವಳಿಗೆ ದಿನ ನಿಂತಿತು. ಜೂನಿಗೆ ಹೆರಿಗೆ ಅಂತ ಡಾಕ್ಟ್ರು ಹೇಳಿದರು. ಇವ ಹಾಜಿಯವರ ಹತ್ತಿರ ಹೋಗಿ, "ನನ್ನನ್ನು ಊರಿಗೆ ಕಳಿಸಿ" ಅಂದ.

"ಹೋಗು" ಅಂದರಂತೆ ಹಾಜಿಯವರು. "ಮೂರು ಗೋಡೌನಿನ ಎಲ್ಲರನ್ನೂ ಒಂದೇ ಆ್ಯಪಿಗೆ ತಾ. ಯಾವ ಕುರ್ಚಿ ಎಲ್ಲಿಗೆ, ಯಾವ ಲಾರಿ ಎಲ್ಲಿ, ಎಲ್ಲ ಮಾತು ಅದರಲ್ಲೇ ಆಗಬೇಕು. ಮೇ ತಿಂಗಳು ಮುಗಿಯುವುದರೊಳಗೆ ಆದರೆ ಊರಲ್ಲೇ ಇರು. ಆಗದಿದ್ದರೆ ವಾಪಸ್ ಫ್ಲೈಟ್ ಹತ್ತು."

ಅಂದರೆ ಆ್ಯಪ್ ನಡೆಯದಿದ್ದರೆ ಇವ ಮಗುವಿನ ಮುಖವನ್ನು ಫೋನಿನಲ್ಲಿ ನೋಡಬೇಕು. ಅಷ್ಟು ಸರಳ ಲೆಕ್ಕ.

ಬಂದ ವಾರವೇ ಮೂರೂ ಕಡೆಯವರನ್ನು ಫರಂಗಿಪೇಟೆಗೆ ಕರೆಸಿ ಮೀಟಿಂಗ್ ಮಾಡಿದ. ಗೋಡೆಯ ಮೇಲೆ ಚಿತ್ರ ಬಿಟ್ಟ. ಒಂದೂವರೆ ಗಂಟೆ ಮಾತಾಡಿದ. ನಾನು ಎರಡು ಸಲ ಚಾ ಕೊಟ್ಟೆ. ಕೊನೆಗೆ ಕೇಳಿದ, "ಎಲ್ಲರೂ ನಾಳೆಯಿಂದ ಶುರು ಮಾಡ್ತೀರಲ್ಲ?"

"ಮಾಡುವ, ಮಾಡುವ" ಅಂದರು ಎಲ್ಲರೂ. ಡ್ರೈವರುಗಳು ಚಪ್ಪಾಳೆ ಬೇರೆ ತಟ್ಟಿದರು.

ಐಟಿ ಮಗ ಮುಖ ಅರಳಿಸಿಕೊಂಡು ಅಡುಗೆಕೋಣೆಗೆ ಬಂದ. "ನೋಡಿದಿರಾ ಅಜ್ಜಿ? ಒಬ್ಬರೂ ಇಲ್ಲ ಅನ್ನಲಿಲ್ಲ."

ನನಗೆ ಪಾಪ ಅನಿಸಿತು. "ಮಗಾ, ನೀನು ಹೊರದೇಶದಲ್ಲಿ ಇದ್ದವ. ನಮ್ಮಲ್ಲಿ ಮುಖಕ್ಕೆ ಇಲ್ಲ ಅನ್ನುವ ಕ್ರಮ ಉಂಟಾ? ಮಾಡುವವ ಆದರೆ ಹತ್ತು ಪ್ರಶ್ನೆ ಕೇಳ್ತಾನೆ, ಜಗಳ ಮಾಡ್ತಾನೆ. ಮಾಡದವ 'ಮಾಡುವ' ಅಂತ ಹೇಳಿ ಚಾ ಕುಡಿದು ಹೋಗ್ತಾನೆ."

ಅಷ್ಟರಲ್ಲಿ ಅವ ದುಬೈಗೆ ಬರೆದಾಗಿತ್ತು, ಎಲ್ಲರೂ ಒಪ್ಪಿದ್ದಾರೆ ಅಂತ. ಹಾಜಿಯವರಿಂದ ಕೂಡಲೇ ಉತ್ತರ ಬಂತು. "ಎಲ್ಲರೂ 'ಮಾಡುವ' ಅಂದರಾ? ಹಾಗಾದರೆ ಸೂಟ್‌ಕೇಸ್ ಬಿಚ್ಚಬೇಡ."

೨. ಕಿಟಕಿ ಸೀಟಿನ ಮೆಸೇಜು

ಮೂರು ವಾರ ಆಯಿತು. ಆ್ಯಪ್ ಎಲ್ಲರ ಫೋನಿಗೂ ಬಂತು. ಆದರೆ ಕೆಲಸ ನಡೆಯುವುದು ಹಿಂದಿನ ಹಾಗೆಯೇ.

ಹಿಂದಿನ ಹಾಗೆ ಅಂದರೆ, ನಮ್ಮ ಆಫೀಸಿನಲ್ಲಿ ಆರ್ಡರು ಬರೆಯುವ ಅಕ್ಕ ಒಬ್ಬಳಿದ್ದಾಳೆ. ಅವಳು ಚೀಟಿ ಬರೆದು, ಮಡಚಿ, ಹೈವೇಯಲ್ಲಿ ಬರುವ ಬೆಳ್ತಂಗಡಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಾಳೆ. ಅವರು ಬೆಳ್ತಂಗಡಿ ಬ್ರಾಂಚಿನ ಮುಂದೆ ಶಿಳ್ಳೆ ಹೊಡೆದು ಚೀಟಿ ಕೊಡುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಂದು ಚೀಟಿ ಕಾಣೆಯಾಗಿಲ್ಲ.

ಒಂದು ದಿನ ಐಟಿ ಮಗ ಅಕ್ಕನ ಹಿಂದೆ ನಿಂತು ನೋಡಿದ. ಅವಳು ಚೆಂದ ಮಾಡಿ ಆ್ಯಪಿನಲ್ಲಿ ಟೈಪ್ ಮಾಡಿದಳು, ಕಳಿಸಿದಳು. ಇವನಿಗೆ ಖುಷಿಯೋ ಖುಷಿ. ಈಗಲೇ ಹೋಗಿ ಆ ಕಡೆಯವರು ಎಂತ ಮಾಡ್ತಾರೆ ನೋಡುವ ಅಂತ ಬೈಕ್ ಹತ್ತಿ ಬೆಳ್ತಂಗಡಿಗೆ ಹೋದ.

ಅಲ್ಲಿ ನೋಡಿದರೆ ಮ್ಯಾನೇಜರು ರಸ್ತೆ ಬದಿಯಲ್ಲಿ ನಿಂತಿದ್ದಾರೆ, ಕಣ್ಣು ಬಸ್ಸು ಬರುವ ದಾರಿಯ ಮೇಲೆ.

"ಸರ್, ನಿಮಗೆ ಮೆಸೇಜ್ ಬಂದಿದೆಯಲ್ಲ?"

"ಬರ್ತಾ ಉಂಟು ಮಾರಾಯ. ಈಗ ಮಡಂತ್ಯಾರು ದಾಟಿರಬಹುದು."

ಇವನಿಗೆ ತಲೆಬುಡ ಅರ್ಥವಾಗಲಿಲ್ಲ. ಕಾಲು ಗಂಟೆಯಲ್ಲಿ ಬಸ್ಸು ಬಂತು. ಕಂಡಕ್ಟರು ಶಿಳ್ಳೆ ಹೊಡೆದು ಒಂದು ಕಾಗದ ಕೊಟ್ಟರು. ಅಕ್ಕ ಆ್ಯಪಿನಲ್ಲಿ ಟೈಪ್ ಮಾಡಿದ್ದನ್ನೇ ಪ್ರಿಂಟ್ ತೆಗೆದು ಬಸ್ಸಿಗೆ ಕೊಟ್ಟಿದ್ದಳು!

"ಸರ್, ಇದೇ ನಿಮ್ಮ ಫೋನಿನಲ್ಲಿ ಒಂದು ಗಂಟೆಯಿಂದ ಉಂಟು."

"ಉಂಟು, ನಾನೂ ನೋಡಿದೆ. ಆದರೆ ಅದು ಬಂದದ್ದು ಹೌದಾ ಅಲ್ಲವಾ ಅಂತ ಹೇಗೆ ಗೊತ್ತಾಗುವುದು? ಕಾಗದ ಬಂದರೆ ಗೊತ್ತಾಗ್ತದೆ." ಅಷ್ಟು ಹೇಳಿ ಮ್ಯಾನೇಜರು ಇವನಿಗೆ ಬೇಸರ ಆಗಬಾರದು ಅಂತ ಕಾಗದವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿ, ಫೋಟೋ ತೆಗೆದು ಆ್ಯಪಿನಲ್ಲಿ ಹಾಕಿದರು. "ತಲುಪಿತು."

ಹಾಗೆ ಆ್ಯಪಿನಿಂದ ಹೊರಟ ಮೆಸೇಜು ಬಸ್ಸಿನ ಕಿಟಕಿ ಬದಿಯಲ್ಲಿ ಗಾಳಿ ತಿಂದುಕೊಂಡು ಬೆಳ್ತಂಗಡಿ ನೋಡಿ, ತಿರುಗಿ ಆ್ಯಪಿಗೇ ಬಂದು ಇಳಿಯಿತು.

೩. ಹಸಿರು ಬೊಟ್ಟು

ಆ್ಯಪಿನಲ್ಲಿ ಎಲ್ಲರ ಹೆಸರಿನ ಹತ್ತಿರ ಒಂದು ಹಸಿರು ಬೊಟ್ಟು ಇರುತ್ತದೆ. ಆ ಮನುಷ್ಯ ಅದರಲ್ಲಿ ಇದ್ದಾನೆ ಅಂತ ಅದರ ಅರ್ಥ. ಬಿಟ್ಟು ಹೋದರೆ ಬೊಟ್ಟು ಆರುತ್ತದೆ. ಇದನ್ನು ಐಟಿ ಮಗ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಸಂಜೆಯೊಳಗೆ ಗೋಡೌನಿನಲ್ಲಿ ಸುದ್ದಿಯಾಯಿತು, ಹಾಜಿಯವರು ದುಬೈಯಲ್ಲಿ ಕೂತು ಯಾರ ಬೊಟ್ಟು ಆರ್ತದೆ ಅಂತ ನೋಡ್ತಾರಂತೆ!

ಮರುದಿನದಿಂದ ಜನ ಮೂತ್ರಕ್ಕೆ ಹೋಗುವಾಗಲೂ ಫೋನು ಉಜ್ಜುತ್ತಾ ಹೋಗತೊಡಗಿದರು.

ಶುಕ್ರವಾರ ಮಧ್ಯಾಹ್ನ ಬಂತು. ಸ್ಟೋರು ನೋಡುವ ಕಾಕ ಜುಮಾಕ್ಕೆ ಹೋಗಬೇಕು. ಡ್ರೈವರುಗಳಿಗೆ ಮೀನೂಟಕ್ಕೆ ಹೋಗಬೇಕು. ಒಬ್ಬೊಬ್ಬರಾಗಿ ಅಡುಗೆಕೋಣೆಗೆ ಬಂದರು. "ಅಜ್ಜಿ, ಸ್ವಲ್ಪ ಮುಟ್ಟುತ್ತಾ ಇರಿ, ಬೊಟ್ಟು ಆರದ ಹಾಗೆ."

ಹಸಿ ಸೌದೆಯ ಒಲೆಯನ್ನೇ ಆರದ ಹಾಗೆ ನೋಡಿಕೊಂಡವಳು ನಾನು, ಒಂದು ಬೊಟ್ಟು ಯಾವ ಲೆಕ್ಕ? ಐದು ಫೋನು ಸಾಲಾಗಿ ಇಟ್ಟುಕೊಂಡೆ. ಒಂದು ಕೈಯಲ್ಲಿ ಲೋಟ ತೊಳೆಯುವುದು, ಇನ್ನೊಂದರಲ್ಲಿ ಮಕ್ಕಳ ತಲೆ ಸವರಿದ ಹಾಗೆ ಐದನ್ನೂ ಸವರುವುದು. ಅರ್ಧ ಗಂಟೆ ಐದು ಜನರ ಕೆಲಸ ನಾನೊಬ್ಬಳೇ ಮಾಡಿದೆ.

ಆಗ ಕಾಕನ ಫೋನು ಟಿಣ್ ಅಂತು. ಎಂತದೋ ಬಂತು, ಅದರ ಕೆಳಗೆ ಪುಟ್ಟದೊಂದು ಹೆಬ್ಬೆರಳಿನ ಚಿತ್ರ. ನನ್ನ ಬೆರಳಲ್ಲಿ ಸೋಪು ಇತ್ತು, ಜಾರಿತು. ಒತ್ತಿಹೋಯಿತು.

ಕಾಕ ಮಸೀದಿಯಿಂದ ಬಂದವರು ಫೋನು ನೋಡಿ ಅಲ್ಲೇ ಕುಸಿದು ಕೂತರು. "ಯಾ ಅಲ್ಲಾ! ಇದನ್ನು ಒಪ್ಪಿದ್ದು ಯಾರು?"

ಬಂದದ್ದು ಎಂತ ಗೊತ್ತುಂಟಾ? ಅಳದಂಗಡಿಯ ಒಂದು ಮದುವೆಯವರು ಆರುನೂರು ಕುರ್ಚಿ, ಕೋಳಿ ಅಡುಗೆಯ ಪಾತ್ರೆ ಕೇಳಿದ್ದರು. ಮೇ ತಿಂಗಳ ಕೊನೆಯ ಭಾನುವಾರಕ್ಕೆ. ಅದೇ ದಿನಕ್ಕೆ ಮೂಡುಬಿದಿರೆಯಲ್ಲಿ ಜೈನರ ಮದುವೆ, ಫರಂಗಿಪೇಟೆಯ ಮದುವೆ ಹಾಲ್‌ನಲ್ಲಿ ಒಂದು ನಿಕಾಹ್, ಎರಡನ್ನೂ ಮೊದಲೇ ಒಪ್ಪಿಯಾಗಿತ್ತು. ಕಾಕ ಹೆಬ್ಬೆರಳು ಒತ್ತಿದರೆ "ಸ್ಟಾಕ್ ಉಂಟು" ಅಂತ. ಅಕ್ಕ ಹೆಬ್ಬೆರಳು ನೋಡಿದಳು, ಹೆಣ್ಣಿನ ಅಪ್ಪನಿಗೆ ಫೋನ್ ಮಾಡಿ ಮಾತು ಕೊಟ್ಟಳು. ಅವರು ಖುಷಿಯಲ್ಲಿ ಊರಿಡೀ ಹೇಳಿಕೊಂಡೂ ಆಯಿತು. ಇನ್ನು ಇಲ್ಲ ಅನ್ನುವುದು ಹೇಗೆ?

ದುಬೈಯಿಂದ ಫೋನು ಬಂತು. ನಾವೆಲ್ಲ ಸುತ್ತ ನಿಂತಿದ್ದೆವು. ಹಾಜಿಯವರು ಬೊಬ್ಬೆ ಹಾಕುವವರಲ್ಲ. ಮೆಲ್ಲ ಕೇಳಿದರು, "ಕುರ್ಚಿ ಇಲ್ಲದ ಮದುವೆ ಒಪ್ಪಿಕೊಂಡದ್ದು ಯಾರು?"

ಕಾಕ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಐಟಿ ಮಗ ಹೇಳಿದ, "ನನ್ನ ತಪ್ಪು, ಹಾಜಿಯವರೇ. ನಾನು ಸರಿಯಾಗಿ ಕಲಿಸಲಿಲ್ಲ."

"ಆ ಭಾನುವಾರ ಮೂರರಲ್ಲಿ ಒಬ್ಬ ಹೆಣ್ಣಿನ ಅಪ್ಪ ಬೇಸರದಿಂದ ನನಗೆ ಫೋನ್ ಮಾಡಿದರೂ ಸಾಕು, ಆ್ಯಪ್ ಬಂದ್. ಸೋಮವಾರ ನೀನು ಇಲ್ಲಿ."

ರೇಶನ್ನಿಂದ ಪೆನ್ಶನ್ನಿನವರೆಗೆ ಜೀವಮಾನ ಇಡೀ ಹೆಬ್ಬೆಟ್ಟು ಒತ್ತಿ ಬದುಕಿದವಳು ನಾನು. ಒಂದು ಹೆಬ್ಬೆಟ್ಟಿಗೆ ಒಂದು ಇಡೀ ಮದುವೆ ಒಪ್ಪಿಕೊಂಡದ್ದು ಮಾತ್ರ ಅದೇ ಮೊದಲು.

೪. "ನನಗೆ ಯಾರೂ ಹೇಳಲಿಲ್ಲವಲ್ಲ"

ದಾರಿ ಇಲ್ಲ ಅಂತ ಇರಲಿಲ್ಲ. ಬೆಳ್ತಂಗಡಿಯವರು ಮುನ್ನೂರು, ಮೂಡುಬಿದಿರೆಯವರು ಮುನ್ನೂರು ಕುರ್ಚಿ ಬಿಟ್ಟುಕೊಟ್ಟರೆ ಅಳದಂಗಡಿ ನಡೆಯುತ್ತದೆ. ಐಟಿ ಮಗ ಅದನ್ನು ಆ್ಯಪಿನಲ್ಲಿ ಬರೆದ. ಮೂಡುಬಿದಿರೆ ಮ್ಯಾನೇಜರು ಉತ್ತರ ಬರೆದರು. "ಬೆಳ್ತಂಗಡಿಯವರು ಮುನ್ನೂರು ಕೊಟ್ಟರೆ ನಾವೂ ಕೊಡುತ್ತೇವೆ ಎಂದು ಯಾರಾದರೂ ಅವರಿಗೆ ಹೇಳಿರಿ."

ಎರಡು ದಿನ ಆ ಕಡೆಯಿಂದ ಉಸಿರಿಲ್ಲ. ಇವ ಬೆಳ್ತಂಗಡಿಗೆ ಫೋನ್ ಮಾಡಿದ.

"ಸರ್, ಮೂಡುಬಿದಿರೆಯವರು ಬರೆದದ್ದು ನೋಡಿದಿರಾ?"

"ನೋಡಿದೆ."

"ಮತ್ತೆ? ಎಂತ ಹೇಳ್ತೀರಿ?"

"ಎಂತ ಹೇಳುವುದು? ನನಗೆ ಯಾರೂ ಹೇಳಲಿಲ್ಲವಲ್ಲ."

ಐಟಿ ಮಗ ನನ್ನ ಹತ್ತಿರ ಬಂದು ನೆಲದಲ್ಲೇ ಕೂತ. ಅವತ್ತಿನ ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. "ಅಜ್ಜಿ, ಒಂದೇ ಗ್ರೂಪಿನಲ್ಲಿ ಇಬ್ಬರೂ ಇದ್ದಾರೆ, ಇಬ್ಬರೂ ಓದಿದ್ದಾರೆ. ಇವರಿಗೆ ಎಂತ ಆಗಿದೆ?"

ಅವ ದುಬೈಯಲ್ಲಿ ಇದ್ದವ, ಅವನಿಗೆ ಹೇಗೆ ಗೊತ್ತಾಗಬೇಕು? ಈ ಇಬ್ಬರು ಮ್ಯಾನೇಜರು ಭಾವ ಭಾವಂದಿರು. ಬೆಳ್ತಂಗಡಿಯವರ ತಂಗಿಯನ್ನೇ ಮೂಡುಬಿದಿರೆಯವರಿಗೆ ಕೊಟ್ಟದ್ದು. ಹನ್ನೊಂದು ವರ್ಷದ ಹಿಂದೆ ಬೆಳ್ತಂಗಡಿಯವರು ಮನೆ ಕಟ್ಟಿ ಗೃಹಪ್ರವೇಶದ ಒಕ್ಕಲು ಇಟ್ಟುಕೊಂಡರು. ಭಾವನ ಮನೆಗೆ ಹೋಗಿ, ಕೂತು, ಚಾ ಕುಡಿದು, ಕರೆದು ಕೊಡಬೇಕಾದ ಕಾಗದ. ಸಮಯ ಇಲ್ಲ ಅಂತ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿದರು! ಅದು ಯಾರದೋ ಮೀನಿನ ಪಾರ್ಸೆಲಿನ ಅಡಿಯಲ್ಲಿ ಸಿಕ್ಕಿ, ಬಂಗುಡೆಯ ವಾಸನೆ ಹಿಡಿದುಕೊಂಡು ಮೂಡುಬಿದಿರೆಗೆ ಬಂತು. ಭಾವ ಒಕ್ಕಲಿಗೆ ಹೋಗಲಿಲ್ಲ. ಅವತ್ತಿನಿಂದ ಮಾತಿಲ್ಲ.

ಹಾಗಾದರೆ ಹನ್ನೊಂದು ವರ್ಷ ಕೆಲಸ ಹೇಗೆ ನಡೆಯಿತು ಅಂತ ಕೇಳ್ತೀರಾ? ನನ್ನಿಂದ. ಇಬ್ಬರೂ ಗೋಡೌನಿಗೆ ಫೋನ್ ಮಾಡಿ, "ಅಜ್ಜಿ, ಅವರಿಗೆ ಹೇಳಿ" ಅನ್ನುತ್ತಾರೆ. ನಾನು ಆ ಕಡೆಗೆ ಹೇಳುತ್ತೇನೆ. ಒಂದೇ ಕೋಣೆಯಲ್ಲಿ ಎದುರೆದುರು ಕೂತಾಗಲೂ ನನಗೇ ಹೇಳುವುದು.

"ಕಣ್ಣಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಮಗಾ" ಅಂದೆ. "ಹೇಳಬೇಕಾದವಳು ನಾನು. ನನ್ನನ್ನು ನೀನು ಆ್ಯಪಿಗೆ ಸೇರಿಸಲೇ ಇಲ್ಲ."

"ಅಜ್ಜಿ, ನಿಮಗೆ ಓದಲಿಕ್ಕೆ ಬರುವುದಿಲ್ಲವಲ್ಲ."

"ಓದಲಿಕ್ಕೆ ಬರುವವರಿಂದ ಈಗ ಎಂತ ಆಯಿತು?"

ಅವ ಎದ್ದು ಹೋದ. ಹಳೆಯದೊಂದು ಫೋನು ತಂದು ನನ್ನ ಹೆಸರು ಹಾಕಿದ. ಸಟ್ಟುಗ ಹಿಡಿದುಕೊಂಡ ನನ್ನ ಫೋಟೋ ತೆಗೆದು ಹಾಕಿದ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುವುದು, ಬಿಟ್ಟರೆ ಹೋಗುತ್ತದೆ, ಬಂದ ದನಿ ತಾನಾಗಿಯೇ ಕೇಳುತ್ತದೆ, ಅಷ್ಟೇ ಕಲಿತದ್ದು ನಾನು.

ಮೊದಲ ಸಲ ಒತ್ತಿ, ಬೆಳ್ತಂಗಡಿಗೆ ಕೇಳಬೇಕಲ್ಲ ಅಂತ ಗಟ್ಟಿಯಾಗಿ ಬೊಬ್ಬೆ ಹಾಕಿದೆ. "ಬೆಳ್ತಂಗಡಿಯವರೇ, ಮೂಡುಬಿದಿರೆಯವರು ಮುನ್ನೂರು ಕೊಡ್ತಾರಂತೆ, ನೀವೂ ಕೊಡಬೇಕಂತೆ!"

ಉಗುಳು ನುಂಗುವಷ್ಟರಲ್ಲಿ ಉತ್ತರ ಬಂತು. "ಆಯ್ತು ಅಂತ ಅವರಿಗೆ ಹೇಳಿ ಅಜ್ಜಿ."

ಅಲ್ಲಿಂದ ಶುರು. ಅಜ್ಜಿ ಇವತ್ತು ಯಾರಿಗೆ ಬೈದಳು ಅಂತ ಕೇಳಲಿಕ್ಕಾದರೂ ಜನ ಆ್ಯಪ್ ತೆರೆಯತೊಡಗಿದರು. ಲಾರಿ ಎಲ್ಲಿಗೆ ಮುಟ್ಟಿತು, ಶಾಮಿಯಾನದ ಹಗ್ಗ ಯಾರ ಹತ್ತಿರ ಉಂಟು, ಎಲ್ಲ ನನಗೆ ಹೇಳುವುದು, ನಾನು ಎಲ್ಲರಿಗೂ ಹೇಳುವುದು. ಒಂದೇ ವಾರದಲ್ಲಿ ನಲವತ್ತು ಜನವೂ ಒಳಗೆ.

ಆ್ಯಪನ್ನು ಯಾರು ಎಷ್ಟು ಉಪಯೋಗಿಸುತ್ತಾರೆ ಅಂತ ಐಟಿ ಮಗ ಒಂದು ಪಟ್ಟಿ ತೆಗೆದ. ಎಲ್ಲರಿಗಿಂತ ಮೇಲೆ ಬಂದದ್ದು ಅಕ್ಷರ ಬಾರದ ನನ್ನ ಹೆಸರು. ಆ ಪಟ್ಟಿಯನ್ನು ಹಾಜಿಯವರಿಗೆ ಕಳಿಸುವುದಾ ಬೇಡವಾ ಅಂತ ಅವ ಒಂದು ದಿನ ಇಡೀ ಮಂಡೆ ಬಿಸಿ ಮಾಡಿಕೊಂಡ.

೫. ವೇಣೂರಿನಲ್ಲಿ ಎರಡು ಲಾರಿ

ಆ ಶನಿವಾರ ಬಂತು. ಮರುದಿನ ಮೂರು ಮದುವೆ. ಕುರ್ಚಿ ಎಲ್ಲ ಹೋಗಿಯಾಗಿತ್ತು. ಮಧ್ಯಾಹ್ನ ಪಾತ್ರೆಯ ಲಾರಿ ಎರಡು ಹೊರಟವು, ಒಂದು ಮೂಡುಬಿದಿರೆಯ ಜೈನರ ಮದುವೆಗೆ, ಇನ್ನೊಂದು ಬೆಳ್ತಂಗಡಿ ಬ್ರಾಂಚಿಗೆ ಸೇರಿದ ಅಳದಂಗಡಿಗೆ.

ನಮ್ಮಲ್ಲಿ ಪಾತ್ರೆ ಎರಡು ಜಾತಿ. ಸಸ್ಯಾಹಾರದ ಕೊಪ್ಪರಿಗೆ ತಾಮ್ರದ್ದು, ಅದಕ್ಕೆ ಬಿಳಿ ಬಣ್ಣದ ಗೆರೆ. ಕೋಳಿ, ಬಿರಿಯಾನಿ ಮಾಡುವ ದೊಡ್ಡ ಹಂಡೆಗೆ ನಾವು ಚೆಂಬು ಅನ್ನುವುದು, ಅದು ದಪ್ಪ ಅಲ್ಯೂಮಿನಿಯಮ್ಮಿನದು, ಅದಕ್ಕೆ ಕೆಂಪು ಗೆರೆ. ಇಡುವ ಕೋಣೆ ಬೇರೆ, ತೊಳೆಯುವ ನಾರು ಬೇರೆ. ಲೋಡು ಮಾಡುವಾಗ ನಾನು ನಿಂತು ನೋಡಬೇಕು, ಅದು ಕ್ರಮ. ಅವತ್ತು ನಾನು ಫೋನಿನಲ್ಲಿ ಯಾರಿಗೋ ಬೈಯುತ್ತಾ ಇದ್ದೆ. ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಮೂಡುಬಿದಿರೆ ಲಾರಿಯ ಡ್ರೈವರ ದನಿ ಬಂತು. "ಅಜ್ಜಿ, ಸಿದ್ದಕಟ್ಟೆ ದಾಟಿದೆವು." ಅವನ ಮಾತಿನ ಹಿಂದೆ ಪಾತ್ರೆ ಒಂದಕ್ಕೊಂದು ಬಡಿಯುವ ಸದ್ದು. ಧಬ್. ಧಬ್.

ನನ್ನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ತಿರುಗಿ ಕೇಳಿದೆ. ಇನ್ನೊಮ್ಮೆ ಕೇಳಿದೆ. ಮೂವತ್ತು ವರ್ಷ ತೊಳೆದ ಪಾತ್ರೆಯ ಸದ್ದು ನನಗೆ ಗೊತ್ತಿಲ್ಲವಾ? ತಾಮ್ರ ಟಣ್ ಅನ್ನುತ್ತದೆ. ಇದು ಧಬ್ ಅನ್ನುತ್ತಾ ಉಂಟು.

"ಮಗಾ! ಲಾರಿ ನಿಲ್ಲಿಸಲಿಕ್ಕೆ ಹೇಳು! ಬಿರಿಯಾನಿ ಚೆಂಬು ಜೈನರ ಮನೆಗೆ ಹೋಗ್ತಾ ಉಂಟು!"

ಐಟಿ ಮಗ ಬಿಳಿಚಿಹೋದ. ನೀರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟದೆ ಅಡುಗೆ ಮಾಡುವ ಮದುವೆ ಅದು. ಆ ಚೆಂಬು ಅವರ ಅಂಗಳದಲ್ಲಿ ಇಳಿದರೆ ಮುಗಿಯಿತು. ಒಬ್ಬ ಅಪ್ಪನಲ್ಲ, ಮೂಡುಬಿದಿರೆಯ ಹತ್ತು ಅಪ್ಪಂದಿರು ದುಬೈಗೆ ಫೋನ್ ಮಾಡುತ್ತಾರೆ. ತಾಮ್ರ ಹೇರಿಕೊಂಡ ಲಾರಿ ಆಗಲೇ ಗುರುವಾಯನಕೆರೆಗೆ ಮುಟ್ಟಿತ್ತು.

ನಾನು ಮೈಕ್ ಒತ್ತಿದೆ. "ಎರಡು ಲಾರಿಯೂ ವೇಣೂರಿಗೆ ತಿರುಗಿಸಿ! ಅಲ್ಲಿ ಬದಲು ಮಾಡಿ!" ವೇಣೂರು ಇಬ್ಬರಿಗೂ ನಡುವೆ.

ಅರ್ಧ ಗಂಟೆಯಲ್ಲಿ ಲಾರಿಗಳು ಅಲ್ಲಿ ಎದುರೆದುರು ನಿಂತವು. ಆ ಕಡೆಯವರು ಸರಿಯಾಗಿ ಮಾಡುವುದಿಲ್ಲ ಅಂತ ಇಬ್ಬರು ಮ್ಯಾನೇಜರುಗಳೂ ಸ್ಕೂಟರಿನಲ್ಲಿ ಓಡಿ ಬಂದಿದ್ದರು. ಇಕ್ಕಟ್ಟು ರಸ್ತೆ. ಹಿಂದೆ ಬಸ್ಸುಗಳ ಹಾರ್ನು. ಮೂಡುಬಿದಿರೆಯ ಅಡುಗೆ ಭಟ್ಟರು ಫೋನ್ ಮಾಡುತ್ತಲೇ ಇದ್ದಾರೆ, ಕೊಪ್ಪರಿಗೆ ಎಲ್ಲಿ, ಕೊಪ್ಪರಿಗೆ ಎಲ್ಲಿ ಅಂತ.

ಭಾವಂದಿರು ನಾಲ್ಕು ಮಾರು ದೂರದಲ್ಲಿ ಮುಖ ತಿರುಗಿಸಿ ನಿಂತು ಫೋನು ಬಾಯಿಗೆ ಹಿಡಿದರು.

"ಅಜ್ಜಿ, ಲಾರಿ ಸ್ವಲ್ಪ ಹಿಂದೆ ತೆಗೆಯಲಿಕ್ಕೆ ಅವರಿಗೆ ಹೇಳಿ."

ನಾನು ಫರಂಗಿಪೇಟೆಯಲ್ಲಿ ಕೂತು, "ಮೂಡುಬಿದಿರೆಯವರೇ, ಲಾರಿ ಹಿಂದೆ ತೆಗೀಬೇಕಂತೆ."

"ನಾವು ಯಾಕೆ? ಮೊದಲು ಅವರು ಪಾತ್ರೆ ಇಳಿಸಲಿ ಅಂತ ಹೇಳಿ ಅಜ್ಜಿ."

"ಬೆಳ್ತಂಗಡಿಯವರೇ, ಮೊದಲು ನೀವು ಇಳಿಸಬೇಕಂತೆ."

"ನಮ್ಮದು ತಾಮ್ರ, ರಸ್ತೆಯಲ್ಲಿ ಇಡಲಿಕ್ಕೆ ಆಗುವುದಿಲ್ಲ. ಮೊದಲು ಅವರದ್ದೇ ಇಳಿಯಲಿ ಅಂತ ಹೇಳಿ."

ಹೀಗೆ ಆರು ಸಲ. ವೇಣೂರಿನ ಹೋಟೆಲಿನವರು ಚಾದ ಲೋಟ ಸಮೇತ ಹೊರಗೆ ಬಂದು ನೋಡುತ್ತಿದ್ದರಂತೆ. ಆ್ಯಪಿನಲ್ಲಿ ನಲವತ್ತು ಜನವೂ ಕೇಳುತ್ತಿದ್ದಾರೆ. ಐಟಿ ಮಗ ನನ್ನ ಕಿವಿಯಲ್ಲಿ ಹೇಳಿದ, "ಅಜ್ಜಿ, ಹಾಜಿಯವರ ಬೊಟ್ಟೂ ಹಸಿರು ಉಂಟು."

ಏಳನೆಯ ಸಲ "ಅಜ್ಜಿ, ಅವರಿಗೆ" ಅಂತ ಬಂತು ನೋಡಿ, ನನಗೆ ಸಾಕಾಯಿತು. ಫೋನು ತೆಗೆದು ಅಕ್ಕಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ.

"ಅಜ್ಜಿ!" ಐಟಿ ಮಗ ಅತ್ತೇಬಿಡುವ ಹಾಗಾದ. "ಎಂತ ಮಾಡಿದಿರಿ? ಮಾತಾಡಿ! ಎಲ್ಲ ನಿಂತುಹೋಗ್ತದೆ!"

"ನಿಲ್ಲಲಿ" ಅಂದೆ. ಎಲೆಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಸುಣ್ಣ ಎಲೆಗೆ ಹಚ್ಚಲಿಕ್ಕೆ ಹೋಗಿ ಬೆರಳಿಗೆಲ್ಲ ಆಯಿತು. ನನಗೂ ಭಯ ಇಲ್ಲ ಅಂತ ಅಲ್ಲ. ಅವನ ಹೆಂಡತಿಯ ಹೊಟ್ಟೆ ನನ್ನ ಕಣ್ಣ ಮುಂದೆಯೇ ಇತ್ತು. ಡಬ್ಬಿಯೊಳಗಿಂದ "ಅಜ್ಜಿ? ಅಜ್ಜಿ?" ಅಂತ ಒಬ್ಬೊಬ್ಬರದೇ ದನಿ. ಕಾಕ, ಅಕ್ಕ, ಡ್ರೈವರು. ಆಮೇಲೆ ಎಲ್ಲ ಸುಮ್ಮನಾಯಿತು.

ಎಷ್ಟು ಹೊತ್ತೋ. ಒಂದು ಎಲೆ ಜಗಿದು ಮುಗಿಯುವಷ್ಟು.

ಐಟಿ ಮಗನ ಫೋನು ಟಿಣ್ ಅಂತು. ಅವ ನೋಡಿದ, ಕಣ್ಣುಜ್ಜಿ ಇನ್ನೊಮ್ಮೆ ನೋಡಿದ.

"ಓದು ಮಗಾ, ನನಗೆ ಬರುವುದಿಲ್ಲವಲ್ಲ."

"ಬೆಳ್ತಂಗಡಿ ಮ್ಯಾನೇಜರು ಬರೆದಿದ್ದಾರೆ, ಅಜ್ಜಿ. 'ಭಾವ, ಲಾರಿ ಸ್ವಲ್ಪ ಎಡಕ್ಕೆ ತೆಗೀರಿ. ನಾನೇ ಮೊದಲು ಇಳಿಸ್ತೇನೆ.'"

ಮತ್ತೆ ಟಿಣ್.

"ಮೂಡುಬಿದಿರೆಯವರದ್ದು. 'ಆಯ್ತು ಭಾವ.'" ಅವ ಫೋನು ನನ್ನ ಕಡೆಗೆ ತಿರುಗಿಸಿದ. "ಇನ್ನೂ ಉಂಟು ಅಜ್ಜಿ. 'ಊಟ ಆಯ್ತಾ?'"

ನಾಲ್ಕು ಮಾರು ದೂರದಲ್ಲಿ ನಿಂತ ಮನುಷ್ಯನಿಗೆ ಬರೆದದ್ದು! ಬಾಯಿ ಬಿಟ್ಟು ಮಾತಾಡಿದರೆ ಸೋತ ಹಾಗೆ. ಬರೆದರೆ ಯಾರೂ ಸೋತ ಹಾಗಲ್ಲ. ಇದು ಹನ್ನೊಂದು ವರ್ಷ ನನಗೂ ಹೊಳೆದಿರಲಿಲ್ಲ.

ಮೂಡುಬಿದಿರೆಯಲ್ಲಿ ಒಲೆ ಉರಿಯುವ ಮೊದಲು ಕೊಪ್ಪರಿಗೆ ಇಳಿಯಿತು. ಡ್ರೈವರು ದನಿ ಕಳಿಸಿದ, ಹಿಂದಿನಿಂದ ಟಣ್ ಟಣ್ ಅಂತ ಕೇಳಿತು. ಆಗ ನಾನು ಅಕ್ಕಿಯ ಡಬ್ಬಿ ತೆರೆದೆ.

ಭಾನುವಾರ ಮೂರು ಮದುವೆಯೂ ಆಯಿತು. ಒಬ್ಬ ಅಪ್ಪನೂ ಫೋನ್ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಹಾಜಿಯವರ ಫೋನು ಬಂತು, ಐಟಿ ಮಗ ಎದ್ದು ನಿಂತೇ ಎತ್ತಿದ.

"ನಾನೂ, ಊರಿನ ಹಿರಿಯರೂ ಕೂತು ಮಾತಾಡಿಸಲಿಕ್ಕೆ ಆಗದ ಇಬ್ಬರನ್ನು ನಿನ್ನ ಆ್ಯಪ್ ಮಾತಾಡಿಸಿತಾ?"

"ಮಾತಾಡಲಿಲ್ಲ ಹಾಜಿಯವರೇ, ಬರೆದರು."

"ಅಷ್ಟು ಸಾಕು. ನೀನು ಅಲ್ಲೇ ಇರು. ಹೆಂಡತಿಯನ್ನು ಜಾಗ್ರತೆಯಲ್ಲಿ ನೋಡಿಕೋ."

೬. ಈಗ ಯಾರು ಎಲ್ಲಿದ್ದಾರೆ

ಐಟಿ ಮಗನಿಗೆ ಜೂನಿನಲ್ಲಿ ಹೆಣ್ಣು ಮಗು ಆಯಿತು. ಆಸ್ಪತ್ರೆಯ ಬಾಗಿಲಲ್ಲಿ ಅವನೇ ನಿಂತಿದ್ದ. ಈಗ ಮಗುವನ್ನು ಎತ್ತಿಕೊಂಡೇ ಗೋಡೌನಿಗೆ ಬರುತ್ತಾನೆ. ಮಗು ಕಂಪ್ಯೂಟರಿನ ಮೇಲೆ ಕೈ ಬಡಿದು ಏನೇನೋ ಕಳಿಸಿದರೂ ಈಗ ಯಾರೂ ಹೆದರುವುದಿಲ್ಲ, ಕಾಕ ಎರಡು ಸಲ ಕೇಳಿಯೇ ಲಾರಿ ಬಿಡುವುದು.

ಕಾಕ ಜುಮಾಕ್ಕೆ ಹೋಗುವಾಗ ಫೋನನ್ನು ಕಪಾಟಿನಲ್ಲಿ ಬೀಗ ಹಾಕಿ, ಬೀಗದಕೈ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ನನ್ನ ಮುಖ ನೋಡಿಕೊಂಡೇ ಬೀಗ ಹಾಕುವುದು.

ಆಫೀಸಿನ ಅಕ್ಕ ಪ್ರಿಂಟ್ ತೆಗೆಯುವುದು ಬಿಟ್ಟಳು. ಅಭ್ಯಾಸ ಬಿಡಲಿಲ್ಲ, ಬಸ್ಸು ಬರುವ ಹೊತ್ತಿಗೆ ಎದ್ದು ಹೈವೇ ಬದಿಗೆ ಹೋಗಿ ನಿಲ್ಲುತ್ತಾಳೆ. ಕಂಡಕ್ಟರು ಬಸ್ಸು ನಿಧಾನ ಮಾಡಿ, "ಎಂತ ಅಕ್ಕ, ಇವತ್ತೂ ಇಲ್ಲವಾ?" ಅಂತ ಕೇಳಿ ಹೋಗುತ್ತಾರೆ.

ನಾನು ಲೋಡು ಮಾಡುವಾಗ ಫೋನು ಮುಟ್ಟುವುದಿಲ್ಲ. ಈಗ ನನಗೆ ಹೇಳಲಿಕ್ಕೆ ಹೆಚ್ಚು ಕೆಲಸವೂ ಇಲ್ಲ.

ಇನ್ನು ಭಾವಂದಿರು. ಬಾಯಲ್ಲಿ ಮಾತು ಇವತ್ತಿಗೂ ಇಲ್ಲ. ಆದರೆ ದಿನ ಇಡೀ ಬರೆದುಕೊಳ್ಳುತ್ತಾರೆ. ಇಬ್ಬರಿಗೇ ಬೇರೆ ಬರೆದುಕೊಳ್ಳಬಹುದು ಅಂತ ಐಟಿ ಮಗ ಎಷ್ಟು ಹೇಳಿದರೂ ಇಲ್ಲ, ಎಲ್ಲರ ಗ್ರೂಪಿನಲ್ಲೇ ಬರೆಯುವುದು. ಕದ್ದು ಮಾತಾಡಿದರು ಅಂತ ಯಾರೂ ಹೇಳಬಾರದಲ್ಲ.

ಮೊನ್ನೆ ಮೂಡುಬಿದಿರೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಇಬ್ಬರಿಗೂ ಅಕ್ಕಪಕ್ಕ ಎಲೆ ಬಿತ್ತು. ನಾನು ಎದುರಿನ ಸಾಲಿನಲ್ಲಿ. ಬೆಳ್ತಂಗಡಿಯವರು ಎಡಗೈಯಲ್ಲಿ ಟೈಪ್ ಮಾಡಿದರು. ಆಮೇಲೆ ಮೊಮ್ಮಗಳು ಓದಿ ಹೇಳಿದಳು, ಬರೆದದ್ದು, "ಭಾವ, ನಿಮ್ಮ ಎಲೆಗೆ ಪಾಯಸ ಬರಲಿಲ್ಲ."

ಮೂಡುಬಿದಿರೆಯವರು ಬರೆದರು, "ಹೌದು ಭಾವ. ಎರಡು ಸಲ ಕೈ ತೋರಿಸಿದೆ, ಆಚೆ ಹೋದ."

ನಲವತ್ತು ಫೋನು ಟಿಣ್ ಟಿಣ್ ಅಂದವು. ಬೆಳ್ತಂಗಡಿಯ ಲೋಡಿನವರಿಗೆ ಗೊತ್ತಾಯಿತು, ಫರಂಗಿಪೇಟೆಯಲ್ಲಿ ಕಾಕನಿಗೆ ಗೊತ್ತಾಯಿತು, ಇಲ್ಲಿ ಬಕೆಟ್ ಹಿಡಿದು ಬಡಿಸುವವನಿಗೊಬ್ಬನಿಗೆ ಮಾತ್ರ ಗೊತ್ತಿಲ್ಲ! ಅಷ್ಟರಲ್ಲಿ ಎರಡೂ ಎಲೆಯ ಬದಿಯ ಫೋನಿನಿಂದ ಒಟ್ಟಿಗೆ, ಪಂಕ್ತಿ ಇಡೀ ತಿರುಗಿ ನೋಡುವ ಹಾಗೆ, ದುಬೈಯಿಂದ ಹಾಜಿಯವರ ದನಿ ಬಂತು.

"ಯಾರಲ್ಲಿ? ಮೂಡುಬಿದಿರೆಯವರಿಗೆ ಪಾಯಸ ಬಡಿಸಿ ಮಾರಾಯ್ರೆ!"